‘ಊಟ ಬೇಡ’ಕ್ಕೂ ‘ಸೀತಾ ಬಾರೆ’ಗೂ ನಡುವೆ

ರೀ,

ಪತ್ರವನ್ನು ಹೀಗೆ ಶುರು ಮಾಡಬಾರದು ಅಂತ ಗೊತ್ತು. ನಮ್ಮಮ್ಮ ಅಪ್ಪನಿಗೆ ಬರೆಯುವಾಗ ಪೂಜ್ಯ ಪತಿಯವರ ಪಾದಗಳಿಗೆ ಅಂತ ಬರೆದು, ಆಮೇಲೆ ಪುಟದ ತುಂಬ ಬೈಯುತ್ತಿದ್ದಳು. ನನಗೆ ಪಾದವೂ ಬೇಡ, ಬೈಗುಳವೂ ಬೇಡ. ಮದುವೆಯಾದಾಗಿನಿಂದ ನಾನು ನಿಮ್ಮನ್ನು ಕರೆದದ್ದು ‘ರೀ’ ಅಂತ, ನೀವು ನನ್ನನ್ನು ಕರೆದದ್ದು ‘ಇವಳೇ’ ಅಂತ. ನಿಮಗೆ ಬದರಿನಾಥ ಅಂತಲೂ ನನಗೆ ಸೀತಾಲಕ್ಷ್ಮಿ ಅಂತಲೂ ಹೆಸರಿರುವುದು ಬ್ಯಾಂಕಿನವರಿಗೆ, ಗ್ಯಾಸಿನವರಿಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ.

ಇದನ್ನು ನೀವು ಈಗ ಓದಲಾರಿರಿ. ಅಕ್ಷರ ಒಂದೊಂದಾಗಿ ಸಿಗುತ್ತೆ, ವಾಕ್ಯವಾಗಿ ಸಿಗೋಲ್ಲ ಅಂತ ಮಾತು ಕಲಿಸುವ ಹುಡುಗಿ ಪ್ರಕೃತಿ ಹೇಳಿದ್ದಾಳೆ. ನಾಳೆ ನಾನೇ ಓದಿ ಹೇಳುತ್ತೇನೆ. ಬಾಯಲ್ಲೇ ಹೇಳಬಹುದಿತ್ತು. ಆದರೆ ನೀವಿರುವ ಆರೈಕೆ ಮನೆಯಲ್ಲಿ ಪಕ್ಕದ ಮಂಚದವರ ಟಿವಿ, ಆಯಾ ಈಶ್ವರಮ್ಮನ ಓಡಾಟ, ಇವುಗಳ ಮಧ್ಯೆ ನನಗೆ ಮುಖ್ಯವಾದ ಮಾತು ಬರುವುದೇ ಇಲ್ಲ. ತೊಗರಿಬೇಳೆ ಮುಗಿದಿದೆ, ನಲ್ಲಿಯವನು ಬಂದಿದ್ದ ಅಂತ ಏನೇನೋ ಹೇಳಿ ಎದ್ದು ಬರುತ್ತೇನೆ. ಬರೆದುಕೊಂಡು ಹೋದರೆ ಓದಲೇಬೇಕಾಗುತ್ತೆ.

ಯುಗಾದಿ ಕಳೆದ ವಾರ ನೀವು ಕಂಪ್ಯೂಟರ್ ಮುಂದೆ ಕೂತಲ್ಲೇ ಬಲಕ್ಕೆ ವಾಲಿದಿರಿ. ಆಸ್ಪತ್ರೆಯವರು ಜೀವ ಉಳಿಸಿದರು. ಬಲಗೈ, ಬಲಗಾಲು ಸೋತಿದ್ದವು, ಮಾತು ಪೂರಾ ಹೋಗಿತ್ತು. ಬನಶಂಕರಿ ಎರಡನೇ ಹಂತದ ನಮ್ಮ ಮನೆ ಮೇಲ್ಮಹಡಿ, ಲಿಫ್ಟಿಲ್ಲ. ಅದಕ್ಕೆ ಕೋಣನಕುಂಟೆಯ ಆ ಆರೈಕೆ ಮನೆಯಲ್ಲಿ ನಿಮ್ಮನ್ನು ಬಿಟ್ಟಿರುವುದು. ಬೇಡವಾಗಿ ಬಿಟ್ಟಿದ್ದಲ್ಲ. ಇದನ್ನು ನಿಮಗೆ ಎಷ್ಟೋ ಸಲ ಹೇಳಿದ್ದೇನೆ, ನೀವು ಗೋಡೆ ನೋಡುತ್ತೀರಿ, ಕೇಳಿಸಿತೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ.

ನಾನು ಅತ್ತಿಲ್ಲ ರೀ. ನಿಮ್ಮ ತಂಗಿ ವಾರಿಜಾ ಫೋನಿನಲ್ಲಿ ಅತ್ತಳು, ಕೆಳಗಿನ ಮನೆಯವರು ಅತ್ತರು. ನಾನು ಅವರಿಗೆಲ್ಲ ಸಮಾಧಾನ ಹೇಳಿ ಕಾಫಿ ಮಾಡಿಕೊಟ್ಟೆ. ಕಾಲು ಜೋಮು ಹಿಡಿದಾಗ ನೆಲಕ್ಕೆ ಊರಿದ್ದೂ ಗೊತ್ತಾಗುವುದಿಲ್ಲವಲ್ಲ, ಮನಸ್ಸು ಹಾಗಿತ್ತು. ಈಗಲೂ ಹೆಚ್ಚುಕಮ್ಮಿ ಹಾಗೇ ಇದೆ. ಮೆಟ್ರೋ ಹತ್ತುತ್ತೇನೆ, ಇಳಿಯುತ್ತೇನೆ, ನಿಮ್ಮ ಬಾಯಿ ಒರೆಸುತ್ತೇನೆ, ವಾಪಸ್ ಬರುತ್ತೇನೆ.

ಪ್ರಕೃತಿ ಮೊದಲ ದಿನವೇ ನನ್ನನ್ನು ಹೊರಗೆ ಕರೆದು, ‘ಆಂಟಿ, ಅಂಕಲ್ ಹಾಡ್ತಿದ್ರಾ?’ ಅಂತ ಕೇಳಿದಳು. ಹಾಡುತ್ತಿರಲಿಲ್ಲ, ಹಾಡಿನ ಪುಸ್ತಕಗಳಿಗೆ ಅಕ್ಷರ ಜೋಡಿಸುತ್ತಿದ್ದರು ಅಂದೆ. ‘ಅಷ್ಟು ಸಾಕು. ಮಿದುಳಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆ, ಹಾಡಿನ ಜಾಗ ಬೇರೆ ಕಡೆ ಇರುತ್ತೆ. ಮಾತನ್ನೇ ಹಾಡು ಮಾಡಿ ಒಳಗೆ ಕಳಿಸೋಣ’ ಅಂದಳು. ಎರಡೇ ಸ್ವರ ಸಾಕಂತೆ. ನಿಮ್ಮ ಎಡಗೈ ಹಿಡಿದು, ಅಕ್ಷರಕ್ಕೊಂದು ತಟ್ಟು ತಟ್ಟಿಸುತ್ತಾ ಹಾಡಿಸಬೇಕು. ಹಾಳೆಯ ಮೇಲೆ ಸ್ವರ, ಅದರ ಕೆಳಗೆ ಮಾತು, ದೊಡ್ಡದಾಗಿ ಮುದ್ರಿಸಿ ತರಬೇಕು ಅಂದಳು. ‘ನಿಮ್ಮ ಮನೇಲೇ ಅದಕ್ಕೆ ಸಾಫ್ಟ್‌ವೇರ್ ಇದೆಯಂತಲ್ಲ ಆಂಟಿ?’

ಇದೆ. ಮುಂಭಾಗದ ಕೋಣೆಯಲ್ಲಿ ನಿಮ್ಮ ಕುರ್ಚಿ, ನಿಮ್ಮ ಕಂಪ್ಯೂಟರ್, ಪಕ್ಕದಲ್ಲಿ ನನ್ನ ಮುಕ್ಕಾಲಿ. ನಮ್ಮಿಬ್ಬರ ಸಂಸಾರ ನಡೆದಿದ್ದೇ ಆ ಕೋಣೆಯಲ್ಲಿ. ಜಯನಗರದ ಸಂಗೀತ ಶಾಲೆಗಳವರು ತಂದುಕೊಡುತ್ತಿದ್ದ ಕೈಬರಹವನ್ನು ನಾನು ಗಟ್ಟಿಯಾಗಿ ಓದುವುದು, ನೀವು ಟೈಪ್ ಮಾಡುವುದು. ಸ, ರಿ, ಗ ಮೇಲೆ ಚುಕ್ಕೆ, ಪ ಕೆಳಗೆ ಚುಕ್ಕೆ. ಓದುತ್ತಾ ಓದುತ್ತಾ ನನ್ನ ಗಂಟಲು ತಾನೇ ತಾನಾಗಿ ಎಳೆದುಬಿಡುತ್ತಿತ್ತು. ಆಗ ನೀವು ತಿರುಗಿಯೂ ನೋಡದೆ, ‘ಹಾಡ್ಬೇಡ, ಓದು’ ಅನ್ನುತ್ತಿದ್ದಿರಿ. ನಾನು ಓದುತ್ತಿದ್ದೆ.

ಆ ಸಾಫ್ಟ್‌ವೇರ್ ಪಾಶ್ಚಾತ್ಯ ಸಂಗೀತದವರದ್ದು. ಅದನ್ನು ಪಳಗಿಸಿ ನಮ್ಮ ಕನ್ನಡ ಸ್ವರ ಕೂರಿಸುವುದಕ್ಕೆ ನೀವು ಪಟ್ಟ ಪಾಡು ನಾನು ಕಂಡಿದ್ದೇನೆ. ಅದರಲ್ಲೂ ಸಾಲಿನಿಂದ ಸಾಲಿಗೆ ಮೇಲೆ ಕೆಳಗೆ ಎಷ್ಟು ಜಾಗ ಅನ್ನುವುದೇ ನಿಮ್ಮ ದೊಡ್ಡ ಗೀಳು. ಸಾಹಿತ್ಯವಿಲ್ಲದ ಬರೀ ಸ್ವರದ ಸಾಲುಗಳು ಹತ್ತಿರ ಬಂದರೆ ಮೇಲಿನ ಸಾಲಿನ ಮಂದ್ರದ ಚುಕ್ಕೆ ಕೆಳಗಿನ ಸಾಲಿನ ಸ್ವರದ ತಲೆ ಮೇಲೆ ಕೂತ ಹಾಗೆ ಕಾಣುತ್ತೆ, ಕಲಿಯುವ ಹುಡುಗಿ ತಾರಸ್ಥಾಯಿಗೆ ಎಗರಿ ಕುಕ್ಕರಿನ ಹಾಗೆ ಕೂಗುತ್ತಾಳೆ ಅನ್ನುತ್ತಿದ್ದಿರಿ. ಸಾಲನ್ನು ಕೈಯಿಂದ ಎಳೆದು ಇಡುವವರು ದಡ್ಡರು, ಅಂತರವನ್ನು ಹೇಳಬೇಕು, ಸಾಲು ತಾನೇ ಹೋಗಿ ಕೂರುತ್ತೆ ಅಂತ ನಿಮ್ಮ ವಾದ. ಆ ಅಂತರ ಹೇಳುವುದರಲ್ಲೂ ಮೂರು ಬಗೆ. ಸುಖವಾಗಿದ್ದಾಗ ಇರಬೇಕಾದ ದೂರ ಒಂದು. ಎಷ್ಟೇ ಇಕ್ಕಟ್ಟಾದರೂ ಇದಕ್ಕಿಂತ ಹತ್ತಿರ ಬರಕೂಡದು ಅನ್ನುವ ದೂರ ಇನ್ನೊಂದು. ಜಾಗ ಮಿಕ್ಕರೆ ಎಷ್ಟು ಹಿಗ್ಗಬಹುದು ಅನ್ನುವುದು ಮತ್ತೊಂದು. ‘ಇದೇನ್ರೀ, ಅತ್ತೆ ಸೊಸೆ ಒಂದೇ ಮನೇಲಿರೋ ಲೆಕ್ಕ’ ಅಂದಿದ್ದೆ ನಾನು. ನೀವು ನಕ್ಕಿದ್ದಿರಿ. ನೀವು ನಕ್ಕಿದ್ದು ಅಪರೂಪ, ಅದಕ್ಕೆ ನೆನಪಿದೆ.

ನಿಮ್ಮ ಹಳೇ ಫೈಲುಗಳನ್ನು ನೋಡಿಕೊಂಡು ನಾನೇ ಹಾಳೆ ಮಾಡಿದೆ. ನೀರು ಬೇಕು. ಊಟ ಬೇಡ. ಹೀಗೆ ನಾಲ್ಕಕ್ಷರದ ಮಾತುಗಳು, ಷಡ್ಜ ಮತ್ತು ಗಾಂಧಾರ. ಮೊದಲ ವಾರ ನಿಮ್ಮ ಬಾಯಿಂದ ಬರೀ ಗಾಳಿ ಬಂತು. ಆಮೇಲೊಂದು ಮಧ್ಯಾಹ್ನ ಪ್ರಕೃತಿ ತಟ್ಟುತ್ತಾ ಹಾಡುತ್ತಾ ತನ್ನ ದನಿ ನಿಲ್ಲಿಸಿಬಿಟ್ಟಳು, ನೀವು ಒಬ್ಬರೇ ಮುಂದುವರಿಸಿದಿರಿ. ನೀ ರು ಬೇ ಕು. ಶ್ರುತಿ ಒಂದು ಚೂರೂ ಅಲುಗಲಿಲ್ಲ. ಈಶ್ವರಮ್ಮ ಬಾಗಿಲಲ್ಲಿ ನಿಂತು, ‘ಅಮ್ಮಾ, ಸಾರ್ ಮಾತಾಡ್ಬುಟ್ರು’ ಅಂತ ಕಣ್ಣೊರೆಸಿಕೊಂಡಳು. ನಾನು ನೀರು ತಂದುಕೊಟ್ಟೆ. ನೀವು ಕೇಳಿದ್ದಿರಲ್ಲ, ತಂದುಕೊಟ್ಟೆ, ಅಷ್ಟೇ.

‘ಸೀತಾ ಬಾರೆ’ ಅನ್ನುವ ಸಾಲು ಸೇರಿಸಿದ್ದು ಪ್ರಕೃತಿಯೇ. ‘ಅಂಕಲ್ ನಿಮ್ಮನ್ನ ಹೆಸರಿಟ್ಟು ಕರೀಲಿ ಆಂಟಿ, ಚೆನ್ನಾಗಿರುತ್ತೆ’ ಅಂದಳು. ಪಾಪ, ಈಗಿನ ಮಕ್ಕಳು. ಈ ಮನುಷ್ಯ ನನ್ನನ್ನು ಹೆಸರಿಟ್ಟು ಕರೆದವರೇ ಅಲ್ಲ ಅಂತ ಅವಳಿಗೆ ಹೇಳಲು ನಾಚಿಕೆಯಾಯಿತು. ಮಾಡಿಕೊಂಡು ಬಂದೆ. ಎಲ್ಲ ಮಾತೂ ಒಂದೇ ಹಾಳೆಯಲ್ಲಿರಲಿ, ಮಂಚದ ಪಕ್ಕ ಅಂಟಿಸೋಣ ಅಂದಿದ್ದಳು. ಸಾಲು ಹೆಚ್ಚಾದಷ್ಟೂ ಸಾಫ್ಟ್‌ವೇರ್ ಎಲ್ಲವನ್ನೂ ಒತ್ತಿ ಒತ್ತಿ ಕೂರಿಸಿತು. ಊಟ ಬೇಡ ಮೇಲೆ, ಅದರ ಕೆಳಗೇ ಸೀತಾ ಬಾರೆ, ಕಿಕ್ಕಿರಿದ ಆರನೇ ನಂಬರ್ ಬಸ್ಸಿನಲ್ಲಿ ನಿಂತವರ ಹಾಗೆ.

ಆ ದಿನ ನೀವು ಎಲ್ಲವನ್ನೂ ಸರಿಯಾಗಿ ಹಾಡಿಕೊಂಡು ಬಂದಿರಿ. ನನ್ನ ಸಾಲು ಬಂತು. ನಾನು ಸೆರಗು ಸರಿಮಾಡಿಕೊಂಡು ಕೂತೆ, ಈ ವಯಸ್ಸಿನಲ್ಲಿ. ನೀವು ನನ್ನನ್ನೊಮ್ಮೆ ನೋಡಿ, ಹಾಳೆ ಕಡೆ ತಿರುಗಿ ಹಾಡಿದಿರಿ. ಸೀ ತಾ ಬೇ ಡ.

ಈಶ್ವರಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಪ್ರಕೃತಿ ಹಾಳೆ ಕಡೆ ಬೆರಳು ತೋರಿಸಿ, ‘ಇಲ್ಲ ಆಂಟಿ, ಅಂಕಲ್‌ಗೆ ಪುಟದ ಬಲಗಡೆ ಅರ್ಧ ಮಬ್ಬು ಕಾಣುತ್ತೆ. ಸೀತಾ ಅಂತ ಓದಿದ ಮೇಲೆ ಕಣ್ಣು ಮೇಲಿನ ಸಾಲಿಗೆ ಜಾರಿದೆ. ಊಟ ಬೇಡದ ಬೇಡ ಇದು. ಸಾಲು ತುಂಬ ಹತ್ತಿರ ಇದೆ, ದೂರ ಮಾಡಿ ತನ್ನಿ’ ಅಂದಳು. ಆಯ್ತಮ್ಮ ಅಂದೆ. ಮತ್ತೆ ಹಾಡಿಸಿದಳು, ಮತ್ತೆ ಅದೇ ಬಂತು. ಸೀತಾ ಬೇಡ. ಮೊದಲ ಸಲ ನಿಮ್ಮ ಬಾಯಲ್ಲಿ ನನ್ನ ಹೆಸರು ಬಂದಿದ್ದು ಅವತ್ತು. ಊಟ ಬೇಡ ಅಂದ ಹಾಗೇ ಬಂತು.

ದೂರ ಮಾಡುವುದು ಏನೂ ಕಷ್ಟದ ಕೆಲಸವಲ್ಲ. ಒಂದು ಅಂಕಿ ಬದಲಾಯಿಸಿದರೆ ಸಾಕು. ಆದರೆ ನಾನು ಬದಲಾಯಿಸಲಿಲ್ಲ. ಮರುದಿನ ಪ್ರಿಂಟರ್ ಕೆಟ್ಟಿದೆ ಅಂದೆ. ಅದರ ಮರುದಿನ ಕರೆಂಟಿರಲಿಲ್ಲ ಅಂದೆ. ನಿಮಗೆ ಅರ್ಥವಾಗುತ್ತಿದೆ ತಾನೆ? ಸಾಲು ಹತ್ತಿರ ಇರುವ ತನಕ ತಪ್ಪು ಸಾಲಿನದು. ದೂರ ಮಾಡಿದ ಮೇಲೂ ನೀವು ಸೀತಾ ಬೇಡ ಅಂದರೆ ಅದು ನಿಮ್ಮ ಮಾತು. ಆಗ ನಾನು ಎಲ್ಲಿಗೆ ಹೋಗಲಿ?

ಕುಮಾರಸ್ವಾಮಿ ಲೇಔಟಿನ ವಾರಿಜಾ ಮನೆಗೆ ಹೋಗಿ ಕೂತರೂ ತಲೆಯಲ್ಲಿ ಅದೇ. ಮದುವೆಯಾದಾಗಿನಿಂದ ನೀವು ನನಗೆ ಅಂದ ಬೇಡಗಳನ್ನೆಲ್ಲ ಒಂದೊಂದೇ ಎತ್ತಿ ನೋಡಿದೆ. ತಿಂಡಿಗೆ ಉಪ್ಪಿಟ್ಟು ಬೇಡ. ನಿಮ್ಮಣ್ಣನ ಮನೆಗೆ ಈಗ್ಲೇ ಹೋಗೋದು ಬೇಡ. ಮಕ್ಕಳಾಗಲಿಲ್ಲ ಅಂತ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗೋಣವೇ ಅಂದಾಗ, ಬೇಡ ಬಿಡು. ಕೆಟ್ಟವರೇನಲ್ಲ ನೀವು. ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ಆದರೆ ಹಾಳೆಯಲ್ಲಿದ್ದದ್ದು ಬಿಟ್ಟರೆ ಬೇಕು ಅನ್ನುವ ಪದ ನಿಮ್ಮ ಬಾಯಲ್ಲಿ ಕೇಳಿದ ನೆನಪೇ ಆಗುತ್ತಿಲ್ಲ. ನಾನೂ ಒಂದು ಬೇಡವೇ ಆಗಿದ್ದರೆ, ಹೇಳಲು ಪುರುಸೊತ್ತಿಲ್ಲದೆ ಇಷ್ಟು ದಿನ ಸುಮ್ಮನಿದ್ದಿರೇ? ಮಾತಿನ ಬಾಗಿಲು ಮುರಿದ ಮೇಲೆ ನಿಮ್ಮದೇ ಅಂತ ಮೊದಲು ಹೊರಗೆ ಬಂದಿದ್ದು ಅದೇ ಮಾತೇ? ಹೀಗೆಲ್ಲ ಯೋಚಿಸುವಾಗಲೂ ದುಃಖ ಬರಲಿಲ್ಲ. ವಾರಿಜಾ ತಟ್ಟೆಗೆ ಹಾಕಿದ್ದನ್ನು ತಿಂದುಮುಗಿಸಿದೆ. ಏನು ಹಾಕಿದ್ದಳು ಅಂತ ಕೇಳಿದರೆ ಹೇಳಲಾರೆ.

ಪ್ರಕೃತಿ ಬಿಡಲಿಲ್ಲ. ಕೊನೆಗೆ ಸಾಲು ದೂರ ಮಾಡಿದೆ. ಇರಬೇಕಾದ ದೂರವನ್ನೂ ಹೆಚ್ಚಿಸಿದೆ, ಇದಕ್ಕಿಂತ ಹತ್ತಿರ ಬರಕೂಡದು ಅನ್ನುವ ದೂರವನ್ನೂ ಹೆಚ್ಚಿಸಿದೆ. ಒಂದು ಹಾಳೆಗೆ ಮೂರೇ ಮಾತು ಹಿಡಿದವು. ನಮ್ಮ ಪ್ರಿಂಟರಿನಲ್ಲಿ ಶಾಯಿ ನಿಜವಾಗಿಯೂ ಮುಗಿದಿತ್ತು. ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವನು ಪ್ರಿಂಟ್ ತೆಗೆದು, ‘ಮೇಡಂ, ಇಷ್ಟೊಂದು ಖಾಲಿ ಬಿಟ್ಟಿದೀರಲ್ಲ, ಸೆಟ್ಟಿಂಗ್ ಏನೋ ತಪ್ಪಾಗಿರ್ಬೇಕು, ಸರಿ ಮಾಡ್ಕೊಡ್ಲಾ?’ ಅಂದ. ಬೇಡಪ್ಪ, ಹಾಗೇ ಇರಲಿ ಅಂದೆ.

ಮೊನ್ನೆ ಆ ಹಾಳೆ ನಿಮ್ಮ ಮುಂದೆ ಹಿಡಿದೆ. ನೀರು ಬೇಕು ಅಂದಿರಿ. ಅಂಗೈ ಅಗಲದ ಬಿಳಿ ಜಾಗ ದಾಟಿ ಊಟ ಬೇಡ ಅಂದಿರಿ. ಮತ್ತೆ ಅಷ್ಟೇ ಜಾಗ ದಾಟಿ ನನ್ನ ಸಾಲಿಗೆ ಬಂದಿರಿ. ಪ್ರಕೃತಿ ನಿಮ್ಮ ಕಣ್ಣನ್ನೇ ನೋಡುತ್ತಿದ್ದಳು. ಬಾರೆ ಅನ್ನುವ ಅಕ್ಷರಗಳ ಕೆಳಗೆ ಬೆರಳನ್ನೂ ಇಟ್ಟಿದ್ದಳು.

ಸೀ ತಾ ಬೇ ಡ.

ಈ ಸಲ ಅವಳು ಬೆರಳು ತೆಗೆದಳು. ನಾನು ನಿಮ್ಮ ಬಾಯಿ ಒರೆಸಿ, ದಿಂಬು ಸರಿಮಾಡಿ, ಬರ್ತೀನಿ ರೀ ಅಂತ ಹೇಳಿ ಬಂದೆ. ಯಲಚೇನಹಳ್ಳಿ, ಜೆಪಿ ನಗರ, ಬನಶಂಕರಿ. ಇಳಿಯಬೇಕಾದಲ್ಲಿ ಇಳಿದೆ. ತರಕಾರಿಯವಳು ಬದನೆಕಾಯಿ ಎಳೆಯದಾಗಿದೆ ಅಂದಳು, ತೊಗೊಂಡೆ. ಮನೆಗೆ ಬಂದು ನೋಡಿದರೆ ಬದನೆಕಾಯಿ ತಿನ್ನುವವರು ನೀವು, ನಾನಲ್ಲ.

ನಿನ್ನೆ ಬೆಳಿಗ್ಗೆ ಏನೂ ತೋಚದೆ ನನ್ನ ಮುಕ್ಕಾಲಿಯಲ್ಲಿ ಕೂತು ಆ ಹಾಳೆಯನ್ನೇ ಓದಿದೆ, ಪ್ರೂಫ್ ಓದುವ ಹಾಗೆ, ತೊಡೆ ಮೇಲೆ ಕೈ ತಟ್ಟಿಕೊಂಡು, ಬಾರೆ ಇದ್ದಲ್ಲಿ ನೀವು ಹಾಡಿದ್ದನ್ನೇ ಇಟ್ಟು. ಸೀತಾ ಬೇಡ. ಓದಿ ಓದಿ ನನ್ನ ಹಳೇ ಚಾಳಿಯಂತೆ ಗಂಟಲು ಎಳೆಯಿತು. ಸೀತಾಆ, ಬೇಡ. ಹಾಗೆ ಎಳೆದದ್ದೇ ಕೈ ನಿಂತುಹೋಯಿತು. ಯಾಕೆಂದರೆ ಅದು ಬೇರೆ ಮಾತು. ಸೀತಾ ಬೇಡ ಅಂದರೆ ಸೀತಾ ಅನ್ನುವವಳು ಬೇಡ. ಸೀತಾಆ, ಬೇಡ ಅಂದರೆ ಸೀತಾಳನ್ನು ಕರೆದು, ಯಾವುದೋ ಒಂದನ್ನು ಬೇಡ ಅನ್ನುವುದು. ಎಳೆದರೆ ಕರೆದ ಹಾಗೆ, ಎಳೆಯದಿದ್ದರೆ ತಳ್ಳಿದ ಹಾಗೆ. ನಮ್ಮ ಹಾಳೆಯಲ್ಲಿ ನಾಲ್ಕಕ್ಷರಕ್ಕೆ ನಾಲ್ಕೇ ತಟ್ಟು. ಎಳೆಯಬೇಕು ಅಂದರೂ ನಿಮಗೆ ತಾಳದಲ್ಲಿ ಜಾಗವೇ ಇರಲಿಲ್ಲ. ತಾಳ ತಪ್ಪಿ ಹಾಡುವ ಮನುಷ್ಯ ನೀವಲ್ಲ, ಅರ್ಧ ಮೈ ಹೋದ ಮೇಲೂ.

ಸ್ವರ ಬರೆಯುವಾಗ ಎಳೆಯುವುದಕ್ಕೆ ಏನು ಹಾಕುತ್ತೇವೆ? ಕಾಮಾ. ಪುಸ್ತಕದಲ್ಲಿ ಕಾಮಾ ಬಂದ ಕಡೆ ನಾನು ಓದು ನಿಲ್ಲಿಸಿದರೆ, ‘ಅದು ನಿಲ್ಲೋದಲ್ಲ, ಇನ್ನೊಂದಕ್ಷರ ಕಾಲ ಹಿಡ್ಕೊಳ್ಳೋದು’ ಅಂತ ತಿದ್ದುತ್ತಿದ್ದವರು ನೀವೇ. ಹೊಸ ಹಾಳೆ ಮಾಡಿದೆ. ಎರಡೇ ಮಾತು. ಹಾಳೆಯ ತಲೆಯಲ್ಲಿ ‘ಸೀ ತಾ ಬೇ ಡ’. ಹಾಳೆಯ ಬುಡದಲ್ಲಿ ‘ಸೀ ತಾ , ಬೇ ಡ’. ನಡುವೆ ಏನೂ ಇಲ್ಲ. ಸಾಫ್ಟ್‌ವೇರಿಗೆ ಹಿಗ್ಗು ಅಂದೆ, ಎಷ್ಟು ಹಿಗ್ಗಲು ಸಾಧ್ಯವೋ ಅಷ್ಟೂ ಹಿಗ್ಗಿತು. ಒಂದನ್ನು ಓದಿದ ಕಣ್ಣು ಇನ್ನೊಂದಕ್ಕೆ ಜಾರುವ ಪ್ರಶ್ನೆಯೇ ಇಲ್ಲ. ನೀವು ನೋಡಿದ್ದರೆ ಮೆಚ್ಚುತ್ತಿದ್ದಿರಿ ಅಂತ ಅನ್ನಿಸಿತು. ನಿಮಗೇ ತೋರಿಸಲು ಮಾಡಿದ್ದು ಅಂತ ಆಮೇಲೆ ಹೊಳೆಯಿತು.

ಇವತ್ತು ಮಧ್ಯಾಹ್ನ ಪ್ರಕೃತಿ ಬರುವುದಕ್ಕೆ ಮೊದಲೇ ಬಂದೆ. ಈಶ್ವರಮ್ಮನನ್ನು ಕಾಫಿಗೆ ಕಳಿಸಿದೆ. ಹಾಳೆಯನ್ನು ನಿಮ್ಮ ಎಡಗಡೆಗೆ ಹಿಡಿದು, ‘ಎರಡರಲ್ಲಿ ನಿಮ್ಮದು ಯಾವುದೋ ಅದನ್ನ ಹಾಡಿ, ನಾನೇನೂ ಅಂದ್ಕೊಳ್ಳಲ್ಲ’ ಅಂದೆ. ಸುಳ್ಳು ಹೇಳಿದೆ. ನೀವು ಮೇಲಿನದನ್ನು ಬಹಳ ಹೊತ್ತು ನೋಡಿದಿರಿ. ಆಮೇಲೆ ಕಣ್ಣು ಕೆಳಗೆ ಇಳಿಯಿತು. ನಾನು ನಿಮ್ಮ ಕೈ ಹಿಡಿಯಲಿಲ್ಲ, ತಟ್ಟಲೂ ಇಲ್ಲ. ನೀವೇ ಎಡಗೈಯಿಂದ ಹೊದಿಕೆಯ ಮೇಲೆ ತಟ್ಟಿದಿರಿ. ಸೀ. ತಾ. ಆಮೇಲೆ ಒಂದು ತಟ್ಟು, ಬಾಯಲ್ಲಿ ‘ಆ’ ಹಿಡಿದುಕೊಂಡೇ. ಬೇ. ಡ.

ಬೇಡ ಅಂದದ್ದು ನನ್ನನ್ನಲ್ಲ. ಅಷ್ಟು ಗೊತ್ತಾಯಿತು.

ಹಾಗಾದರೆ ಏನು ಬೇಡ ಅಂತ ಕೇಳಿದೆ. ಇಲ್ಲಿರುವುದು ಬೇಡವಾ? ತಲೆ ಅಡ್ಡ ಆಡಿಸಿದಿರಿ. ಈಶ್ವರಮ್ಮ ಸ್ನಾನ ಮಾಡಿಸೋದು? ಅದೂ ಅಲ್ಲ. ಆಮೇಲೆ ಎಡಗೈ ಚಾಚಿ ನಾನು ಹಿಡಿದಿದ್ದ ಹಾಳೆಯನ್ನು ಮೆಲ್ಲಗೆ ಮಡಿಲಿಗೆ ತಳ್ಳಿದಿರಿ. ಗೋಡೆಯ ಮೇಲೆ ಅಂಟಿಸಿದ್ದ ಹಳೇ ಹಾಳೆಯನ್ನೂ ತೋರಿಸಿದಿರಿ. ಜೀವಮಾನವಿಡೀ ಕೃತಿ, ವರ್ಣ, ರಾಗಮಾಲಿಕೆ ಜೋಡಿಸಿದ ಮನುಷ್ಯನನ್ನು ಕೂರಿಸಿ, ಪಕ್ಕದ ಮಂಚದವರ ಮುಂದೆ, ನೀರು ಬೇಕು ನೀರು ಬೇಕು ಅಂತ ದಿನಾ ಹಾಡಿಸುತ್ತಿದ್ದೆವಲ್ಲ. ನಿಮಗೆ ನಾಚಿಕೆಯಾಗುತ್ತಿತ್ತು. ನಿಮಗೆ ನಾಚಿಕೆಯಾಗುತ್ತೆ ಅಂತ ನನಗೆ ಹೊಳೆಯಲೇ ಇಲ್ಲ.

ಪ್ರಕೃತಿ ಬಂದ ಮೇಲೆ ಹೇಳಿದೆ. ಅವಳಿಗೆ ಬೇಜಾರಾಯಿತು. ‘ಆಂಟಿ, ಎಲ್ಲಾ ಪೇಷಂಟೂ ಒಂದಲ್ಲ ಒಂದಿನ ಬೇಡ ಅಂತಾರೆ. ಈ ತಿಂಗಳುಗಳು ಹೋದ್ರೆ ಆಮೇಲೆ ಕಷ್ಟ. ನೀವು ಅವ್ರ ಮಾತು ಕೇಳ್ಬೇಡಿ’ ಅಂದಳು. ಅವಳು ಹೇಳುವುದು ಸರಿ. ನಿಲ್ಲಿಸಿದರೆ ಇನ್ನು ಮಾತು ಬಾರದೇ ಹೋಗಬಹುದು, ಇರುವ ನಾಲ್ಕು ಮಾತೂ ಹೋಗಬಹುದು. ನನಗೆ ಭಯವಾಗುತ್ತೆ ರೀ. ನಮ್ಮ ಈ ಮನೆಯಲ್ಲಿ ಸ್ವರ ಓದುವವಳೊಬ್ಬಳೇ ಉಳಿದರೆ ಹೇಗಿರುತ್ತೆ ಅಂತ ಈಗಾಗಲೇ ನೋಡಿದ್ದೇನೆ.

ಸಿಟ್ಟೂ ಬಂತು. ಇಷ್ಟು ಕಷ್ಟಪಟ್ಟು ಮಾತು ತರಿಸಿದರೆ, ಬಂದ ಮಾತು ಬೇಡ! ಹೋಗಲಿ, ಒಂದು ಸಲವಾದರೂ ಬೇಕು ಅನ್ನಬಾರದಾಗಿತ್ತೇ ಅಂತ ಮೆಟ್ರೋದಲ್ಲಿ ನಿಂತು ಬೈದುಕೊಂಡೆ. ಪಕ್ಕದಲ್ಲಿದ್ದ ಹುಡುಗಿ ನನ್ನ ಮುಖ ನೋಡಿ ಸೀಟು ಬಿಟ್ಟುಕೊಟ್ಟಳು. ಕೂತ ಮೇಲೆ ಯೋಚಿಸಿದೆ. ನಿಮಗೆ ಮಾತು ಬರಲಿ ಅಂತ ತಾನೇ ನಾನು ಹೊರಟಿದ್ದು? ಬಂತು. ನನ್ನನ್ನು ಹೆಸರಿಟ್ಟು ಕರೆದು ಹೇಳಿದಿರಿ. ಮಾತು ಬರಿಸುವುದು ನಾನು, ಬಂದ ಮಾತು ಕೇಳದಿರುವುದೂ ನಾನೇ ಅಂದರೆ, ಅದು ಗಿಣಿಗೆ ಪಾಠ ಹೇಳಿದ ಹಾಗೆ. ನೀವು ಗಿಣಿಯಲ್ಲ.

ಅದಕ್ಕೆ ನಾಳೆಯಿಂದ ಹಾಳೆ ಇಲ್ಲ. ಗೋಡೆಯದನ್ನೂ ಕಿತ್ತುಹಾಕುತ್ತೇನೆ. ಪ್ರಕೃತಿಗೆ ನಾನೇ ಉತ್ತರ ಹೇಳಿಕೊಳ್ಳುತ್ತೇನೆ. ನಿಮ್ಮ ಮಾತು ನಡೆಸಿದ್ದೇನೆ, ಇನ್ನು ನನ್ನದೊಂದು ಮಾತು ಕೇಳಿ. ನಾನು ಮಾತ್ರ ಬರುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ, ದಿನಾ, ಬರಿಗೈಯಲ್ಲಿ ಬಂದು ನಿಮ್ಮ ಎಡಗಡೆ ಕೂರುತ್ತೇನೆ. ಬಾಯಿಗೆ ಬಂದದ್ದು ಹೇಳುತ್ತೇನೆ, ಗಂಟಲು ಎಳೆದರೆ ಹಾಡುತ್ತೇನೆ. ಅದು ಬೇಡ ಅನ್ನಿಸಿದ ದಿನ ನೀವು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ, ದೊಡ್ಡವರ ಮಾತು ಇದೆಯಲ್ಲ, ಮೌನಂ ಸಮ್ಮತಿ ಲಕ್ಷಣಂ. ಇನ್ನು ಮೇಲೆ ನಿಮ್ಮ ಮೌನವನ್ನೆಲ್ಲ ನಾನು ಬೇಕು ಅಂತಲೇ ಓದಿಕೊಳ್ಳುತ್ತೇನೆ.

ಬಲಗೈ ಮೇಲೆ ಭಾರ ಬಿಟ್ಟು ಮಲಗಬೇಡಿ. ಬನಶಂಕರಮ್ಮ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಾಳೆ ಬರುವವಳು,
ಸೀತಾ